ಕಡಲ ತಳದ ತೈಲ ಕೊಳವೆಯಲ್ಲಿ ಕಟ್ಟಿದ ಹೈಡ್ರೇಟ್: ಎರಡೂ ಕಡೆಯಿಂದ ಒತ್ತಡ ಇಳಿಸಿ ಕರಗಿಸಿದ ಅನುಭವ

ಅಂಗೋಲಾ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ತಳದಲ್ಲಿ, ಬಾವಿಗಳಿಂದ ಹಡಗಿಗೆ ಕಚ್ಚಾ ತೈಲ ತರುತ್ತಿದ್ದ ಕೊಳವೆಯೊಂದು ಹೈಡ್ರೇಟ್ ಕಟ್ಟಿಕೊಂಡು ಮುಚ್ಚಿಹೋದಾಗ ಅದನ್ನು ತೆರವುಗೊಳಿಸಿದ ತಂಡದಲ್ಲಿ ನಾನಿದ್ದೆ. ಇದು 2010ರ ದಶಕದ ನಡುವಿನ ಮಾತು. ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಒಂದು ಕಾರಣವಿದೆ. ಕಾಕಿನಾಡದ ಆಚೆ ಕೃಷ್ಣಾ-ಗೋದಾವರಿ ಜಲಾನಯನದ ಆಳ ಕಡಲಿನ 98/2 ಬ್ಲಾಕ್‌ನಿಂದ ಒಎನ್‌ಜಿಸಿ 2024ರ ಜನವರಿಯಲ್ಲಿ ಮೊದಲ ತೈಲ ತೆಗೆಯಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಹುಡುಗ ಹುಡುಗಿಯರು ಈಗ ಆಳ ಕಡಲಿನ ಕೆಲಸಗಳಿಗೆ ಹೋಗುತ್ತಿದ್ದಾರೆ. ಕೊಳವೆ ಮುಚ್ಚಿಹೋದ ದಿನ ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ತಕ್ಷಣ ಏನಾದರೂ ಮಾಡಬೇಕೆಂಬ ಒತ್ತಡ ಎಷ್ಟು ಬಲವಾಗಿರುತ್ತದೆ, ಆ ಒತ್ತಡಕ್ಕೆ ಮಣಿಯದಿರುವುದು ಏಕೆ ಮುಖ್ಯ ಎಂಬುದನ್ನು ಅವರಿಗಾಗಿ ಕನ್ನಡದಲ್ಲಿ ವಿವರವಾಗಿ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಇತ್ತು.

ಮೊದಲು ಹೈಡ್ರೇಟ್ ಎಂದರೇನು ಎಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಒತ್ತಡ ಹೆಚ್ಚಿದ್ದು ತಾಪಮಾನ ಕಡಿಮೆಯಾದಾಗ ನೀರಿನ ಅಣುಗಳು ಪಂಜರದಂಥ ರಚನೆಗಳನ್ನು ಕಟ್ಟಿಕೊಂಡು ಅವುಗಳೊಳಗೆ ಮೀಥೇನ್, ಈಥೇನ್, ಪ್ರೊಪೇನ್‌ನಂಥ ಅನಿಲದ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗೆ ಹುಟ್ಟುವ ಘನವಸ್ತು ನೋಡಲು ಮಂಜುಗಡ್ಡೆಯಂತೆಯೇ ಇರುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಬಹಳ ಮೇಲೆಯೇ ಕಟ್ಟಬಲ್ಲದು; ನಮ್ಮ ತೈಲದ ಜೊತೆ ಬರುತ್ತಿದ್ದ ಅನಿಲಕ್ಕೆ 100 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಈ ಅಪಾಯವಿತ್ತು. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ, ವಾತಾವರಣದ ಒತ್ತಡದಲ್ಲಿ ಅಳೆದಾಗ ಸುಮಾರು 160 ಘನ ಮೀಟರ್ ಅನಿಲ ಹೊರಬರುತ್ತದೆ. ಹಂಫ್ರಿ ಡೇವಿ 1810ರ ಸುಮಾರಿಗೆ ಕ್ಲೋರಿನ್ ಜೊತೆ ನೀರು ಹೀಗೆ ಘನವಾಗುವುದನ್ನು ಕಂಡಿದ್ದರೂ ನೂರಕ್ಕೂ ಹೆಚ್ಚು ವರ್ಷ ಅದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು. ಅಮೆರಿಕದ ಅನಿಲ ಕೊಳವೆಗಳನ್ನು ಮುಚ್ಚುತ್ತಿರುವುದು ಮಂಜುಗಡ್ಡೆಯಲ್ಲ, ಹೈಡ್ರೇಟ್ ಎಂದು 1934ರಲ್ಲಿ ಹ್ಯಾಮರ್‌ಸ್ಮಿಟ್ ತೋರಿಸಿದ ಮೇಲೆ ಇದು ನಮ್ಮ ಉದ್ಯಮದ ಸಮಸ್ಯೆಯಾಯಿತು. ಮೆಕ್ಸಿಕೋ ಕೊಲ್ಲಿಯ ಮಕಾಂಡೋ ಬಾವಿ 2010ರಲ್ಲಿ ಸ್ಫೋಟಗೊಂಡು ತೈಲ ಉಕ್ಕುತ್ತಿದ್ದಾಗ ಅದರ ಮೇಲೆ ಇಳಿಸಿದ ದೊಡ್ಡ ಉಕ್ಕಿನ ಗುಮ್ಮಟ ಕೆಲಸಕ್ಕೆ ಬಾರದೆ ಹೋದದ್ದೂ ಅದರೊಳಗೆ ಹೈಡ್ರೇಟ್ ಕಟ್ಟಿದ್ದರಿಂದಲೇ. ಕೃಷ್ಣಾ-ಗೋದಾವರಿ ಜಲಾನಯನದ ಕಡಲ ತಳದ ಕೆಸರಿನಲ್ಲಿ ಇದೇ ವಸ್ತು ಸಹಜವಾಗಿ ದೊಡ್ಡ ಪ್ರಮಾಣದಲ್ಲಿ ಇದೆಯೆಂದು 2006ರ ರಾಷ್ಟ್ರೀಯ ಅನ್ವೇಷಣೆ ತೋರಿಸಿತು. ಅಲ್ಲಿ ಅದನ್ನು ಮುಂದಿನ ಇಂಧನವೆಂದು ನೋಡುತ್ತಾರೆ, ಕೊಳವೆಯ ಕೆಲಸದವರು ಮಾತ್ರ ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ನಮ್ಮ ಕ್ಷೇತ್ರದಲ್ಲಿ ಕಡಲಿನ ಆಳ ಸುಮಾರು 1,300 ಮೀಟರ್ ಇತ್ತು, ತಳದಲ್ಲಿ ನೀರಿನ ತಾಪಮಾನ ವರ್ಷವಿಡೀ 4 ಡಿಗ್ರಿಯ ಆಸುಪಾಸು. ಬಾವಿಗಳ ತೈಲ ಮೊದಲು ತಳದಲ್ಲಿರುವ ಮ್ಯಾನಿಫೋಲ್ಡ್‌ಗೆ ಅಂದರೆ ಹಲವು ಬಾವಿಗಳ ಕೊಳವೆಗಳು ಕೂಡುವ ಜೋಡಣೆಗೆ ಬಂದು ಸೇರುತ್ತಿತ್ತು; ಅಲ್ಲಿಂದ ತಳದ ಮೇಲೆ ಮಲಗಿದ ಕೊಳವೆಗಳಾದ ಎರಡು ಸಮಾನಾಂತರ ಫ್ಲೋಲೈನ್‌ಗಳು ಕೆಲವು ಕಿಲೋಮೀಟರ್ ಹರಿದು, ಪ್ರತಿಯೊಂದೂ ತಳದಿಂದ ಮೇಲಕ್ಕೆ ಏರುವ ಕೊಳವೆಯಾದ ತನ್ನ ರೈಸರ್ ಮೂಲಕ, ತೈಲವನ್ನು ಸಂಸ್ಕರಿಸಿ ಸಂಗ್ರಹಿಸುವ, ಮೇಲಿರುವ ಎಫ್‌ಪಿಎಸ್‌ಒ ಹಡಗಿಗೆ ಏರುತ್ತಿತ್ತು. ಮ್ಯಾನಿಫೋಲ್ಡ್‌ನ ತುದಿಯಲ್ಲಿ ಒಂದು ವಾಲ್ವ್ ಈ ಎರಡು ಫ್ಲೋಲೈನ್‌ಗಳನ್ನು ಜೋಡಿಸುತ್ತಿದ್ದುದರಿಂದ ಬೇಕಾದಾಗ ಹಡಗಿನಿಂದ ಒಂದರಲ್ಲಿ ಪಂಪ್ ಮಾಡಿ ಇನ್ನೊಂದರಲ್ಲಿ ವಾಪಸು ಪಡೆಯಬಹುದಿತ್ತು. ಇವನ್ನು ಇಲ್ಲಿ ಎ ಮತ್ತು ಬಿ ಎಂದು ಕರೆಯುತ್ತೇನೆ. ಬಾವಿಯಿಂದ ತೈಲ, ಅನಿಲ, ನೀರು ಮೂರೂ ಬಿಸಿಯಾಗಿಯೇ ಬರುತ್ತವೆ, ಕೊಳವೆಗೆ ದಪ್ಪನೆಯ ಶಾಖ ನಿರೋಧಕ ಹೊದಿಕೆ ಇರುತ್ತದೆ, ಹೀಗಾಗಿ ಹರಿವು ಇರುವಷ್ಟು ಹೊತ್ತು ಹೈಡ್ರೇಟ್‌ನ ಭಯವಿಲ್ಲ. ಭಯ ಹುಟ್ಟುವುದು ಹರಿವು ನಿಂತಾಗ.

ಹರಿವು ನಿಂತ ಮೇಲೆ ಮೊದಲ ಕೆಲವು ಗಂಟೆಗಳು ಏನೂ ಮಾಡಬೇಕಿಲ್ಲದ ಅವಧಿ. ಆ ಹೊತ್ತಿನಲ್ಲಿ ದೋಷ ಸರಿಪಡಿಸಿ ಬಾವಿಗಳನ್ನು ಮತ್ತೆ ತೆರೆಯಬಹುದಾದರೆ ಬೇರೆ ಕ್ರಮ ಬೇಡ. ಅದು ಮೀರಿದರೆ ಬಾವಿಯ ಬಾಯಿಗೂ ಮ್ಯಾನಿಫೋಲ್ಡ್‌ಗೂ ಸೇರಿಸುವ ಹೊದಿಕೆ ಕಡಿಮೆಯಿರುವ ಚಿಕ್ಕ ಕೊಳವೆಗಳಿಗೆ ಹೈಡ್ರೇಟ್ ಕಟ್ಟದಂತೆ ತಡೆಯುವ ಮೆಥನಾಲ್ ಹಾಕಬೇಕು, ಅದರ ನಂತರ ಫ್ಲೋಲೈನ್‌ಗಳಲ್ಲಿರುವ ಅನಿಲಭರಿತ ತೈಲವನ್ನೂ ನೀರನ್ನೂ ಡೆಡ್ ಆಯಿಲ್ ಪಂಪ್ ಮಾಡಿ ಹೊರದೂಡಬೇಕು. ಡೆಡ್ ಆಯಿಲ್ ಎಂದರೆ ಹಡಗಿನ ಟ್ಯಾಂಕಿನಲ್ಲಿರುವ, ಅನಿಲವನ್ನೂ ನೀರನ್ನೂ ಆಗಲೇ ಬೇರ್ಪಡಿಸಿದ ತೈಲ. ಅದು ಎಷ್ಟು ತಣ್ಣಗಾದರೂ ಹೈಡ್ರೇಟ್ ಕಟ್ಟುವುದಿಲ್ಲ. ಪಶ್ಚಿಮ ಆಫ್ರಿಕಾದ ಆಳ ಕಡಲಿನ ಅನೇಕ ಕ್ಷೇತ್ರಗಳು ಈ ಪದ್ಧತಿಯ ಮೇಲೆಯೇ ನಿಂತಿವೆ.

ಆ ಬಾರಿ ಹಡಗಿನ ವಿದ್ಯುತ್ ಜನರೇಟರುಗಳು ಒಟ್ಟಿಗೆ ಟ್ರಿಪ್ ಆದವು. ಅವುಗಳಲ್ಲಿ ಒಂದನ್ನು ಮಾತ್ರ ಬೇಗ ಎಬ್ಬಿಸಲು ಸಾಧ್ಯವಾಯಿತು. ಅದರ ವಿದ್ಯುತ್ತಿನಲ್ಲಿ ಬಾವಿಗಳ ಬಾಯಿಗೆ ಮೆಥನಾಲ್ ಹಾಕಿ, ಬಿ ಕೊಳವೆಯ ಮೂಲಕ ಡೆಡ್ ಆಯಿಲ್ ತಳ್ಳಲು ಶುರು ಮಾಡಿದರು. ಬಿ ಪೂರ್ತಿ ತುಂಬಿ, ಎ ಕೊಳವೆ ಅರ್ಧ ದಾರಿ ತುಂಬುವ ಹೊತ್ತಿಗೆ ಪಂಪ್ ಮತ್ತೆ ನಿಂತಿತು. ಕೆಲವು ಗಂಟೆಗಳ ನಂತರ ಅದನ್ನು ಕಡಿಮೆ ವೇಗದಲ್ಲಿ ನಡೆಸಿ, ವಾಪಸು ಬಂದ ತೈಲದ ಪ್ರಮಾಣ ಲೆಕ್ಕಕ್ಕೆ ಸರಿಹೊಂದಿದ ಮೇಲೆ ಕೆಲಸ ಮುಗಿಯಿತೆಂದು ದಾಖಲಿಸಲಾಯಿತು. ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ಕೊಳವೆಯ ತಗ್ಗುಗಳಲ್ಲಿ ಕುಳಿತ ನೀರನ್ನು ಹೊತ್ತೊಯ್ಯಲು ತೈಲಕ್ಕೆ ಒಂದು ಕನಿಷ್ಠ ವೇಗ ಬೇಕು. ಅರ್ಧ ವೇಗದಲ್ಲಿ ಹರಿದ ತೈಲ ನೀರಿನ ಮೇಲಿನಿಂದಲೇ ಜಾರಿಕೊಂಡು ಬಂದಿತ್ತು. ರೈಸರ್‌ನ ಬುಡದಿಂದ ಹೆಚ್ಚು ದೂರವಲ್ಲದ ಒಂದು ತಗ್ಗಿನಲ್ಲಿ ನೀರು ಹಾಗೆಯೇ ಉಳಿದು ತಣ್ಣಗಾಗಿತ್ತು.

ವಿದ್ಯುತ್ ವ್ಯವಸ್ಥೆ ಸರಿಯಾದ ಮೇಲೆ ಬಾವಿಗಳನ್ನು ಎ ಕೊಳವೆಯ ಮೂಲಕ ತೆರೆದರು. ಬಾವಿಯಿಂದ ಬರುವ ನೀರಿಗೆ ಬೇಕಾದಷ್ಟು ಮೆಥನಾಲ್ ಹಾಕುತ್ತಿದ್ದರೇ ಹೊರತು, ಮುಂದೆ ತಗ್ಗಿನಲ್ಲಿ ಕುಳಿತ ತಣ್ಣನೆಯ ನೀರಿನ ಲೆಕ್ಕ ಅದರಲ್ಲಿ ಸೇರಿರಲಿಲ್ಲ. ಒತ್ತಡದ ಅನಿಲ ಆ ನೀರಿನೊಳಗೆ ನುಗ್ಗಿತು. ನಂತರ ನಾನು ನೋಡಿದ ದಾಖಲೆಗಳಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ಮ್ಯಾನಿಫೋಲ್ಡ್‌ನಲ್ಲಿ ಒತ್ತಡದ ಗೆರೆ ಮೊದಲು ಚೂಪಾಗಿ ಏರಿ ಇಳಿಯುತ್ತದೆ, ಮತ್ತೆ ಏರಿ ಇಳಿಯುತ್ತದೆ, ಪ್ರತಿ ಬಾರಿಯೂ ಇಳಿಯುವುದು ಮೊದಲಿಗಿಂತ ಕಡಿಮೆ, ಹಡಗಿಗೆ ಬರುವ ಹರಿವು ಅದೇ ಹೊತ್ತಿಗೆ ಕುಗ್ಗುತ್ತಾ ಹೋಗುತ್ತದೆ, ಕೊನೆಗೆ ಮ್ಯಾನಿಫೋಲ್ಡ್ ಕಡೆ ಒತ್ತಡ ಸುಮಾರು 140 ಬಾರ್ ತಲುಪಿ, ಹಡಗಿನ ಕಡೆ ಹರಿವು ಸೊನ್ನೆಯಾಗುತ್ತದೆ. ಹೈಡ್ರೇಟ್ ಕಟ್ಟುವಾಗ ಚೂರುಗಳು ಒಂದೆಡೆ ಸಿಕ್ಕಿ, ಹರಿವಿನ ಬಲಕ್ಕೆ ಬಿಟ್ಟುಕೊಂಡು, ಮುಂದೆ ಮತ್ತೆ ಸಿಕ್ಕಿಕೊಳ್ಳುವುದರಿಂದ ಈ ಏರಿಳಿತ ಕಾಣುತ್ತದೆ. ಕಂಟ್ರೋಲ್ ರೂಮಿನಲ್ಲಿ ಇರುವವರು ಕಲಿಯಬೇಕಾದ ಮೊದಲ ಪಾಠ ಈ ಗೆರೆಯನ್ನು ಓದುವುದು. ಮೊದಲ ಚೂಪು ಕಂಡಾಗಲೇ ಬಾವಿಗಳನ್ನು ಮುಚ್ಚಿದರೆ ಕಟ್ಟುವ ಗಡ್ಡೆ ಸಡಿಲವಾಗಿಯೂ ಚಿಕ್ಕದಾಗಿಯೂ ಇರುತ್ತದೆ.

ನಾನು ಅಂಗೋಲಾದ ರಾಜಧಾನಿ ಲುವಾಂಡದ ಕಚೇರಿಯಿಂದ ಹೆಲಿಕಾಪ್ಟರಿನಲ್ಲಿ ಹಡಗಿಗೆ ತಲುಪಿದಾಗ ಬಾವಿಗಳು ಮುಚ್ಚಿದ್ದವು. ಕೂಡಲೇ ನಡೆದ ಸಭೆಯಲ್ಲಿ ಎರಡು ಸಲಹೆಗಳು ಮೇಜಿನ ಮೇಲಿದ್ದವು. ಮ್ಯಾನಿಫೋಲ್ಡ್ ಕಡೆಯಿಂದ ಒತ್ತಡ ಇನ್ನಷ್ಟು ಏರಿಸಿ ಗಡ್ಡೆಯನ್ನು ದೂಡಿಬಿಡೋಣ ಎಂಬುದು ಒಂದು. ಹಡಗಿನ ಕಡೆಯ ಒತ್ತಡವನ್ನು ಒಮ್ಮೆಲೇ ಇಳಿಸಿಬಿಟ್ಟರೆ ಅದು ತಾನಾಗಿಯೇ ಹೊರಬರುತ್ತದೆ ಎಂಬುದು ಇನ್ನೊಂದು. ಹೇಳಿದವರು ಅನುಭವವಿಲ್ಲದವರೇನಲ್ಲ, ಉತ್ಪಾದನೆ ನಿಂತಾಗ ಮೇಲಿನಿಂದ ಗಂಟೆಗೊಂದು ಕರೆ ಬರುತ್ತಿರುವಾಗ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಆದರೆ ಒತ್ತಡ ಏರಿಸಿದರೆ ಹೈಡ್ರೇಟ್ ಇನ್ನಷ್ಟು ಸ್ಥಿರವಾಗುತ್ತದೆ, ಗಡ್ಡೆ ಇನ್ನಷ್ಟು ಬಿಗಿಯುತ್ತದೆ. ಎರಡನೆಯದು ಅದಕ್ಕಿಂತಲೂ ಅಪಾಯಕಾರಿ. ನಾನು ಬೋರ್ಡಿನ ಮೇಲೆ ಒಂದು ಸರಳ ಲೆಕ್ಕ ಬರೆದೆ: ಹತ್ತು ಅಂಗುಲದ ಕೊಳವೆಯ ಅಡ್ಡಕೊಯ್ತ ಸುಮಾರು 0.05 ಚದರ ಮೀಟರ್, ಅಂದರೆ ಗಡ್ಡೆಯ ಎರಡು ಬದಿಗಳ ನಡುವೆ ಒಂದೇ ಒಂದು ಬಾರ್ ವ್ಯತ್ಯಾಸವಿದ್ದರೆ ಅದರ ಮೇಲೆ ಅರ್ಧ ಟನ್ ತೂಕದ ಬಲ ಬೀಳುತ್ತದೆ. ನೂರು ಬಾರ್ ವ್ಯತ್ಯಾಸವಿದ್ದರೆ ಐವತ್ತು ಟನ್. ಹಾಗೆ ಬಿಟ್ಟುಕೊಂಡ ಗಡ್ಡೆ ಕೊಳವೆಯೊಳಗೆ ಅತಿ ವೇಗದಲ್ಲಿ ಚಿಮ್ಮಿ ಮೊದಲ ತಿರುವಿನಲ್ಲೋ ವಾಲ್ವ್‌ನಲ್ಲೋ ಬಡಿಯುತ್ತದೆ, ಕೊಳವೆಯನ್ನು ಸೀಳಬಲ್ಲದು. ನೆಲದ ಮೇಲಿನ ಅನಿಲಕ್ಷೇತ್ರಗಳಲ್ಲಿ ಹೀಗೆ ಜೀವಗಳೂ ಹೋಗಿವೆ. ನಮ್ಮ ಗಡ್ಡೆ ರೈಸರ್‌ನ ಬುಡಕ್ಕೆ ಹತ್ತಿರವಿತ್ತು, ಆ ರೈಸರ್ ಮೇಲೆ ಹೋಗಿ ಸೇರುವುದು ಜನ ವಾಸವಿರುವ ಹಡಗನ್ನು. ಹಡಗಿನ ಮುಖ್ಯಸ್ಥರು ಬೋರ್ಡನ್ನು ನೋಡಿ, ಎರಡು ಬದಿಗಳ ನಡುವೆ ಒಪ್ಪಬಹುದಾದ ವ್ಯತ್ಯಾಸ ಎಷ್ಟೆಂದು ಮಾತ್ರ ಕೇಳಿದರು. ಮೂರು ಬಾರ್ ಮೀರಬಾರದು ಎಂದೆ. ಆ ಅಂಕಿ ಕೆಲಸ ಮುಗಿಯುವವರೆಗೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿತ್ತು.

ಗಡ್ಡೆ ಎಲ್ಲಿದೆ ಎಂಬುದನ್ನು ತಿಳಿಯುವುದು ಮುಂದಿನ ಕೆಲಸ. ಹಡಗಿನ ಕಡೆಯಿಂದ ಅಳೆದ ಸ್ವಲ್ಪ ಡೆಡ್ ಆಯಿಲ್ ಒಳಗೆ ತಳ್ಳಿ ಒತ್ತಡ ಎಷ್ಟು ಏರುತ್ತದೆಂದು ನೋಡಿದರೆ, ಮುಚ್ಚಿದ ಭಾಗದ ಒಟ್ಟು ಗಾತ್ರವನ್ನು ಅಂದಾಜು ಮಾಡಬಹುದು; ಗಾತ್ರದಿಂದ ದೂರ ತಿಳಿಯುತ್ತದೆ. ಒಳಗೆ ಅನಿಲವಿದ್ದರೆ ಅದು ಸ್ಪ್ರಿಂಗ್‌ನಂತೆ ಕುಗ್ಗುವುದರಿಂದ ಈ ಲೆಕ್ಕ ಸಡಿಲವಾಗುತ್ತದೆ. ಆದ್ದರಿಂದ ಆ ಅಂದಾಜನ್ನು ಪುನರಾರಂಭದ ಹೊತ್ತಿನ ಹರಿವಿನ ಗಣಕ ಮಾದರಿಯೊಂದಿಗೂ, ಕೊಳವೆ ಹಾಸುವಾಗ ಮಾಡಿದ ತಳದ ಏರುತಗ್ಗುಗಳ ಸಮೀಕ್ಷೆಯೊಂದಿಗೂ ಹೋಲಿಸಿ ನೋಡಿದೆವು. ಮೂರೂ ಒಂದೇ ತಗ್ಗಿನ ಕಡೆ ಬೆರಳು ತೋರಿಸಿದವು. ಅಲ್ಲಿರುವುದು ಒಂದೇ ಗಡ್ಡೆಯೋ, ನಡುವೆ ಅನಿಲವನ್ನು ಹಿಡಿದಿಟ್ಟ ಎರಡು ಗಡ್ಡೆಗಳೋ ಎಂಬುದನ್ನು ಹೊರಗಿನಿಂದ ತಿಳಿಯಲು ಬರುವುದಿಲ್ಲ. ಎರಡಿವೆ ಎಂದೇ ಭಾವಿಸಿ ನಡೆಯುವುದು ಸರಿಯಾದ ದಾರಿ, ಏಕೆಂದರೆ ಆಗ ಎರಡೂ ತುದಿಗಳ ಒತ್ತಡ ಇಳಿದ ಮೇಲೂ ನಡುವೆ ಹಳೆಯ ಒತ್ತಡ ಹಾಗೆಯೇ ಉಳಿದಿರುತ್ತದೆ.

ಕರಗಿಸಲು ಇರುವ ದಾರಿಗಳು ಹೆಚ್ಚಿಲ್ಲ. ಮೆಥನಾಲ್ ಗಡ್ಡೆಯನ್ನು ಮುಟ್ಟಿದರೆ ಕೆಲಸ ಮಾಡುತ್ತದೆ, ಆದರೆ ಹರಿವೇ ಇಲ್ಲದ, ಅಡ್ಡಲಾಗಿ ಮಲಗಿದ ಕೊಳವೆಯಲ್ಲಿ ಅದನ್ನು ಅಲ್ಲಿಯವರೆಗೆ ಒಯ್ಯುವ ಬಗೆಯಿಲ್ಲ. ರೈಸರ್ ಮೂಲಕ ಕಾಯಿಲ್ಡ್ ಟ್ಯೂಬಿಂಗ್ (ಸುರುಳಿಯಿಂದ ಬಿಚ್ಚಿ ಒಳಗಿಳಿಸುವ ಉದ್ದನೆಯ ಸಣ್ಣ ಕೊಳವೆ) ಇಳಿಸಲು ಕೊಳವೆಯ ಬಾಗುಗಳು ಅಡ್ಡ ಬರುತ್ತಿದ್ದವು. ನಾರ್ವೆಯ ಕೆಲವು ಕ್ಷೇತ್ರಗಳಲ್ಲಿರುವಂತೆ ಕೊಳವೆಯನ್ನು ವಿದ್ಯುತ್ತಿನಿಂದಲೇ ಬಿಸಿ ಮಾಡುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಹೊರಗಿನಿಂದ ಒಂದು ಜಾಗವನ್ನು ಮಾತ್ರ ಬಿಸಿ ಮಾಡುವುದಂತೂ ಸಲ್ಲದು. ನಡುವೆ ಕರಗಿ ಬಿಡುಗಡೆಯಾದ ಅನಿಲ ಎರಡೂ ಕಡೆ ದಾರಿ ಕಾಣದೆ ಕೊಳವೆಯನ್ನೇ ಒಡೆಯಬಹುದು. ಉಳಿದದ್ದು ಒಂದೇ: ಎರಡೂ ಬದಿಗಳ ಒತ್ತಡವನ್ನು ಸಮನಾಗಿ, ನಿಧಾನವಾಗಿ ಇಳಿಸಿ, ಸುತ್ತಲಿನ ಕಡಲಿನ ಶಾಖದಿಂದಲೇ ಗಡ್ಡೆ ಕರಗುವಂತೆ ಮಾಡುವುದು. ಬಿ ಕೊಳವೆ ಸ್ವಚ್ಛವಾಗಿ ಉಳಿದಿದ್ದರಿಂದ ಮ್ಯಾನಿಫೋಲ್ಡ್‌ನ ಜೋಡಣೆ ವಾಲ್ವ್ ತೆರೆದು ಗಡ್ಡೆಯ ಹಿಂಬದಿಯನ್ನು ಬಿ ರೈಸರ್ ಮೂಲಕ ತಲುಪಲು ಸಾಧ್ಯವಿತ್ತು. ಒಂಟಿ ಕೊಳವೆಯ ಕ್ಷೇತ್ರವಾಗಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ಮೊದಲು ಹಿಂಬದಿಯ 140 ಬಾರನ್ನು ಮುಂಬದಿಯ ಒತ್ತಡಕ್ಕೆ ಸರಿಸಮವಾಗಿ ತಂದೆವು. ಆ ಭಾಗದಲ್ಲಿ ಬಾವಿಯಿಂದ ಬಂದ ಬಿಸಿ ತೈಲವೂ ನೀರೂ ಇದ್ದು ಗಂಟೆಗಂಟೆಗೂ ತಣ್ಣಗಾಗುತ್ತಿದ್ದುದರಿಂದ ಇದಕ್ಕೆ ತಡಮಾಡುವಂತಿರಲಿಲ್ಲ. ಮ್ಯಾನಿಫೋಲ್ಡ್‌ನಲ್ಲಿ ಮೆಥನಾಲ್ ಹಾಕುತ್ತಲೇ ಅದರ ಅನಿಲವನ್ನು ಬಿ ಕಡೆಗೆ ಬಿಟ್ಟುಕೊಂಡೆವು. ಮುಂದಿನ ತೊಡಕು ಆಳದ್ದು. ಹಡಗಿನಲ್ಲಿ ರೈಸರ್‌ನ ಬಾಯಿಯನ್ನು ಪೂರ್ತಿ ತೆರೆದಿಟ್ಟರೂ, 1,300 ಮೀಟರ್ ಎತ್ತರದ ತೈಲದ ಕಂಬ ತಳದಲ್ಲಿ ನೂರು ಬಾರ್‌ಗೂ ಮೀರಿದ ಒತ್ತಡ ಕೊಡುತ್ತಲೇ ಇರುತ್ತದೆ. ನಮ್ಮ ಅನಿಲಕ್ಕೆ 4 ಡಿಗ್ರಿಯಲ್ಲಿ ಹೈಡ್ರೇಟ್ ಕರಗತೊಡಗಬೇಕಾದರೆ ಒತ್ತಡ ಸುಮಾರು 12 ಬಾರ್‌ಗಿಂತ ಕೆಳಗಿಳಿಯಬೇಕು. ಆದ್ದರಿಂದ ರೈಸರ್‌ಗಳೊಳಗಿನ ತೈಲವನ್ನೇ ಹೊರತೆಗೆಯಬೇಕಾಗಿತ್ತು. ರೈಸರ್‌ನ ಬುಡದಲ್ಲಿ ಗ್ಯಾಸ್ ಲಿಫ್ಟ್ ವ್ಯವಸ್ಥೆ ಇದ್ದುದರಿಂದ ತೇವಾಂಶ ತೆಗೆದ ಅನಿಲವನ್ನು ಅಲ್ಲಿ ಬಿಟ್ಟು, ಅದು ಏರುವಾಗ ತೈಲವನ್ನು ಮೇಲೆ ಹೊತ್ತು ತರುವಂತೆ ಮಾಡಿದೆವು. ಎರಡೂ ರೈಸರ್‌ಗಳಲ್ಲಿ ಇದನ್ನು ಒಂದೇ ಗತಿಯಲ್ಲಿ ನಡೆಸಬೇಕು. ಒಂದು ಕಡೆ ದ್ರವದ ದೊಡ್ಡ ಗುಡ್ಡೆಯೊಂದು ಮೇಲೆ ಬಂದುಬಿಟ್ಟರೆ ಆ ಬದಿಯ ಒತ್ತಡ ಥಟ್ಟನೆ ಕುಸಿಯುತ್ತದೆ, ಆಗ ಇನ್ನೊಂದು ಬದಿಯನ್ನು ಅದಕ್ಕೆ ಹೊಂದಿಸುವವರೆಗೆ ಚೋಕ್ (ಹರಿವನ್ನು ನಿಯಂತ್ರಿಸುವ ವಾಲ್ವ್) ಮುಚ್ಚಿ ಕಾಯಬೇಕು. ಒತ್ತಡವನ್ನು ಹತ್ತಿಪ್ಪತ್ತು ಬಾರ್‌ಗಳ ಮೆಟ್ಟಿಲುಗಳಲ್ಲಿ ಇಳಿಸಿ, ಪ್ರತಿ ಮೆಟ್ಟಿಲಿನಲ್ಲೂ ಎರಡು ಬದಿಗಳು ಸಮನಾದವೆಂದು ಖಚಿತವಾದ ಮೇಲೆಯೇ ಮುಂದಿನದಕ್ಕೆ ಹೋದೆವು. ಬಂದ ಅನಿಲವೆಲ್ಲ ಹಡಗಿನ ಮೇಲೆ ಅನಿಲವನ್ನು ಉರಿಸಿಬಿಡುವ ಫ್ಲೇರ್‌ಗೆ ಹೋಯಿತು.

12 ಬಾರ್‌ನಿಂದ ಕೆಳಗೆ ಎಷ್ಟು ದೂರ ಹೋಗಬೇಕು ಎಂಬುದು ಈ ಕೆಲಸದ ಸೂಕ್ಷ್ಮವಾದ ಭಾಗ. ಒತ್ತಡ ಇಳಿದಷ್ಟೂ ಹೈಡ್ರೇಟ್ ಕರಗುವ ತಾಪಮಾನವೂ ಇಳಿಯುತ್ತದೆ, ಸುತ್ತಲಿನ 4 ಡಿಗ್ರಿಗೂ ಗಡ್ಡೆಗೂ ಅಂತರ ಹೆಚ್ಚುತ್ತದೆ, ಕರಗುವುದು ಬೇಗವಾಗುತ್ತದೆ. ಆದರೆ ಸುಮಾರು 7-8 ಬಾರ್‌ನಲ್ಲಿ ಆ ತಾಪಮಾನ ಸೊನ್ನೆಯನ್ನು ಮುಟ್ಟುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಹೈಡ್ರೇಟ್ ಕರಗಿ ಬಂದ ನೀರು ಅಲ್ಲಿಯೇ ಹೆಪ್ಪುಗಟ್ಟಿ ನಿಜವಾದ ಮಂಜುಗಡ್ಡೆಯಾಗುತ್ತದೆ, ಮಂಜುಗಡ್ಡೆಯನ್ನು ಒತ್ತಡ ಇಳಿಸಿ ಕರಗಿಸಲಾಗದು. ಎಂಟರಿಂದ ಹನ್ನೆರಡು ಬಾರ್‌ಗಳ ಈ ಕಿರಿದಾದ ಪಟ್ಟಿಯಲ್ಲಿ ನಾವು ಒಂಬತ್ತನ್ನು ಗುರಿಯಾಗಿ ಇಟ್ಟುಕೊಂಡೆವು. ಅಲ್ಲಿ ಗಡ್ಡೆಯ ತಾಪಮಾನ 1 ಡಿಗ್ರಿಯ ಸುಮಾರು, ಕಡಲಿಗೂ ಅದಕ್ಕೂ ಅಂತರ ಬರೀ 3 ಡಿಗ್ರಿ.

ಎಷ್ಟು ದಿನ ಬೇಕು ಎಂದು ಲುವಾಂಡದಿಂದ ಕೇಳಿದಾಗ ಈ 3 ಡಿಗ್ರಿಯನ್ನಿಟ್ಟುಕೊಂಡು ಲೆಕ್ಕ ಹಾಕಿದೆ. ಒಂದು ಮೀಟರ್ ಉದ್ದದ ಕೊಳವೆಯಲ್ಲಿ ಅರ್ಧ ಜಾಗ ಹೈಡ್ರೇಟ್, ಉಳಿದರ್ಧ ತೈಲ, ನೀರು, ಅನಿಲ ಇದೆ ಎಂದುಕೊಂಡರೆ, ಅದನ್ನು ಕರಗಿಸಲು ಸುಮಾರು 10 ಮೆಗಾಜೌಲ್ ಶಾಖ ಬೇಕು. ಹೈಡ್ರೇಟ್ ಕರಗಲು ಅಷ್ಟೇ ತೂಕದ ಮಂಜುಗಡ್ಡೆಗಿಂತ ಹೆಚ್ಚು ಶಾಖ ಹೀರುತ್ತದೆ. ನಮ್ಮ ಕೊಳವೆಯ ಹೊದಿಕೆಯ ಮೂಲಕ 3 ಡಿಗ್ರಿ ಅಂತರಕ್ಕೆ ಒಂದು ಮೀಟರಿಗೆ ಒಳಬರುವ ಶಾಖ ಸುಮಾರು 7 ವ್ಯಾಟ್, ಅಂದರೆ ದೇವರ ಮನೆಯಲ್ಲಿ ಹಚ್ಚಿಡುವ ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. ಭಾಗಿಸಿ ನೋಡಿದರೆ ಎರಡು ವಾರಕ್ಕೂ ಹೆಚ್ಚು ಬರುತ್ತದೆ. ಶಟ್‌ಡೌನ್ ಆದಾಗ ನಮಗೆ ಅಮೂಲ್ಯವಾದ ಗಂಟೆಗಳನ್ನು ಕೊಡುವ ಆ ಹೊದಿಕೆಯೇ ಈಗ ಕಡಲಿನ ಶಾಖವನ್ನು ಗಡ್ಡೆಗೆ ತಲುಪದಂತೆ ತಡೆಯುತ್ತಿತ್ತು. ಕೊಳವೆಯ ವಿನ್ಯಾಸಕಾರರು ಹೊದಿಕೆ ದಪ್ಪವಾದಷ್ಟೂ ಒಳ್ಳೆಯದೆಂದು ತೀರ್ಮಾನಿಸುವಾಗ ಈ ಇನ್ನೊಂದು ಮುಖವನ್ನೂ ತೂಗಿ ನೋಡಬೇಕೆಂದು ನಾನು ಅಂದಿನಿಂದ ಪ್ರತಿ ವಿನ್ಯಾಸ ಸಭೆಯಲ್ಲೂ ವಾದಿಸುತ್ತಾ ಬಂದಿದ್ದೇನೆ. ಮಧ್ಯದಲ್ಲಿ ಹಲವು ಬಾರಿ ಕರೆ ಬಂತು, ಏನಾದರೂ ಬೇಗ ಮಾಡಲು ಸಾಧ್ಯವೇ ಎಂದು. ಪ್ರತಿ ಬಾರಿಯೂ ಇದೇ ಲೆಕ್ಕವನ್ನು ಕಳುಹಿಸಿದೆವು. 7 ವ್ಯಾಟನ್ನು ಯಾವ ಆದೇಶದಿಂದಲೂ ಹೆಚ್ಚಿಸಲು ಬರುವುದಿಲ್ಲ.

ಆ ವಾರಗಳಲ್ಲಿ ಕೆಲಸವೆಂದರೆ ಎರಡು ಒತ್ತಡದ ಅಂಕಿಗಳನ್ನು ಹಗಲು ರಾತ್ರಿ ಜೊತೆಯಾಗಿ ಇಟ್ಟುಕೊಳ್ಳುವುದು. ಗಡ್ಡೆ ಕರಗುತ್ತಿರುವಾಗ ಅನಿಲ ಬಿಡುಗಡೆಯಾಗಿ ಒತ್ತಡ ಮೆಲ್ಲಗೆ ಏರುತ್ತದೆ, ಅದನ್ನು ಹಡಗಿನಲ್ಲಿ ಬಿಟ್ಟುಕೊಳ್ಳುತ್ತಿರಬೇಕು. ಎಷ್ಟು ಕರಗಿದೆಯೆಂದು ಕಣ್ಣಿನಿಂದ ನೋಡುವಂತಿಲ್ಲವಾದ್ದರಿಂದ ಆಗಾಗ ಎರಡೂ ಕಡೆಯ ಚೋಕ್ ಮುಚ್ಚಿ ಏರಿಕೆಯನ್ನು ಗಮನಿಸುತ್ತಿದ್ದೆವು. ಒತ್ತಡ ಏರುತ್ತಾ ಹೋಗಿ 12 ಬಾರ್ ಹತ್ತಿರ ನಿಂತುಬಿಟ್ಟರೆ ಒಳಗೆ ಇನ್ನೂ ಹೈಡ್ರೇಟ್ ಇದೆಯೆಂದು ಅರ್ಥ, ಏಕೆಂದರೆ 4 ಡಿಗ್ರಿಯಲ್ಲಿ ಅದು ಕರಗುವುದನ್ನು ನಿಲ್ಲಿಸುವ ಒತ್ತಡ ಅದೇ. ಮೊದಮೊದಲು ಎರಡು ಬದಿಗಳು ಬೇರೆ ಬೇರೆ ಗತಿಯಲ್ಲಿ ಏರುತ್ತಿದ್ದವು. ರಾತ್ರಿ ಪಾಳಿಯ ಕಂಟ್ರೋಲ್ ರೂಮಿನಲ್ಲಿ ಧಾರವಾಡದ ಕಡೆಯ ಆಪರೇಟರ್ ಒಬ್ಬರಿದ್ದರು, ಕೊಲ್ಲಿ ದೇಶಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರು, ಗೆರೆಗಳನ್ನು ಓದುವುದರಲ್ಲಿ ನನಗಿಂತ ಚುರುಕು. ಒಂದು ರಾತ್ರಿ ನನ್ನನ್ನು ಎಬ್ಬಿಸಿ ಕರೆಸಿ, ಪರದೆ ತೋರಿಸಿ, "ಸರ್, ಎರಡೂ ಕಡಿ ಪ್ರೆಶರ್ ಕೂಡೇ ಏರಾಕ ಹತ್ತೈತಿ ನೋಡ್ರಿ, ಒಂದ ಗೆರಿ ಆಗೈತಿ" ಎಂದರು. ನಿಜಕ್ಕೂ ಎರಡು ಗೆರೆಗಳು ಒಂದರ ಮೇಲೊಂದು ಕುಳಿತಿದ್ದವು. ಎ ಕಡೆ ಸ್ವಲ್ಪ ಅನಿಲ ಬಿಟ್ಟು ನೋಡಿದೆವು. ಬಿ ಕಡೆಯೂ ಅದೇ ಕ್ಷಣಕ್ಕೆ ಇಳಿಯಿತು. ಗಡ್ಡೆಯ ಎರಡು ಬದಿಗಳ ನಡುವೆ ದಾರಿ ತೆರೆದಿತ್ತು.

ಇಲ್ಲಿ ಎಲ್ಲರಿಗೂ ಕೆಲಸ ಮುಗಿಯಿತೆಂಬ ಸಂತೋಷ ಬಂತು, ಆದರೆ ಅಪಾಯ ಹೆಚ್ಚುವುದು ಇಲ್ಲಿಯೇ. ಎರಡೂ ಕಡೆ ಒತ್ತಡ ಇಳಿಸಿದಾಗ ಗಡ್ಡೆ ತುದಿಗಳಿಂದ ಒಳಮುಖವಾಗಿ ಕರಗುತ್ತದೆಂದು ಹಿಂದೆ ತಿಳಿದಿದ್ದರು. ಅದು ಕೊಳವೆಯ ಗೋಡೆಯಿಂದ ನಡುವಿಗೆ, ಉದ್ದಕ್ಕೂ ಏಕಕಾಲಕ್ಕೆ ಕರಗುತ್ತದೆಂದು ಕೊಲರಾಡೋ ಸ್ಕೂಲ್ ಆಫ್ ಮೈನ್ಸ್‌ನ ಡೆಂಡಿ ಸ್ಲೋನ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳು ತೋರಿಸಿಕೊಟ್ಟಿವೆ. ಶಾಖ ಬರುವುದು ಗೋಡೆಯ ಮೂಲಕವಾದ್ದರಿಂದ ಇದು ಸಹಜವೂ ಹೌದು. ಅಂದರೆ ಒತ್ತಡ ಒಂದಾದಾಗ ಕರಗಿರುವುದು ಗೋಡೆಗೆ ಅಂಟಿದ ಪದರ ಮಾತ್ರ. ನಡುವಿನ ತಿರುಳು ಈಗ ಹಿಡಿತವಿಲ್ಲದೆ ಕೊಳವೆಯಲ್ಲಿ ಬಿಡಿಯಾಗಿ ಮಲಗಿರುತ್ತದೆ. ಈ ಹಂತದಲ್ಲಿ ಪಂಪ್ ಹಚ್ಚಿದರೆ ಆ ತಿರುಳು ಜಾರಿ ಮುಂದಿನ ಬಾಗಿನಲ್ಲಿ ಹೊಸ ಗಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೂರು ಬಾರ್‌ನ ಮಿತಿಯನ್ನು ಒಂದಕ್ಕೆ ಇಳಿಸಿ, ಅದೇ ಒಂಬತ್ತು ಬಾರ್‌ನಲ್ಲಿ ಮತ್ತೆ ಕಾದೆವು. ಚೋಕ್ ಮುಚ್ಚಿದಾಗ ಒತ್ತಡ 12ರ ಕಡೆ ಏರದೆ, ಇದ್ದಲ್ಲೇ ನಿಂತ ಮೇಲೆಯೇ ಹೈಡ್ರೇಟ್ ಮುಗಿಯಿತೆಂದು ನಂಬಿದೆವು.

ಉಳಿದ ನೀರು ಇನ್ನೂ ತಗ್ಗಿನಲ್ಲೇ ಇತ್ತು. ಆಗಷ್ಟೇ ಹೈಡ್ರೇಟ್‌ನಿಂದ ಬಿಡುಗಡೆಯಾದ ನೀರು ಹೊಸ ನೀರಿಗಿಂತ ಬೇಗ ಮತ್ತೆ ಹೈಡ್ರೇಟ್ ಕಟ್ಟುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆಯೇ ಆ ಗುಣ ಹೋಗುತ್ತದೆ. ಅದಕ್ಕಾಗಿ ಬಿ ಕಡೆಯಿಂದ ಮೊದಲು ಮೆಥನಾಲ್‌ನ ಒಂದು ದೊಡ್ಡ ತುಂಡನ್ನು, ಅದರ ಹಿಂದೆ ಡೆಡ್ ಆಯಿಲನ್ನು ಮೆಲ್ಲಗೆ ಕಳುಹಿಸಿ, ಎ ಕೊಳವೆ ದ್ರವದಿಂದ ತುಂಬಿದ ಮೇಲೆ ಪಂಪಿನ ವೇಗವನ್ನು ಪೂರ್ಣ ಮಟ್ಟಕ್ಕೆ ಏರಿಸಿದೆವು. ಹ್ಯಾಮರ್‌ಸ್ಮಿಟ್‌ನ ಹಳೆಯ ಸೂತ್ರದ ಪ್ರಕಾರ ಹೈಡ್ರೇಟ್ ಕಟ್ಟತೊಡಗುವ ಸುಮಾರು 20 ಡಿಗ್ರಿಗೂ ಕಡಲ ತಳದ 4 ಡಿಗ್ರಿಗೂ ಇರುವ ನಮ್ಮ 16-17 ಡಿಗ್ರಿ ಅಂತರಕ್ಕೆ ನೀರಿನಲ್ಲಿ ತೂಕದ ಲೆಕ್ಕದಲ್ಲಿ ಶೇ. 30ರಷ್ಟು ಮೆಥನಾಲ್ ಇರಬೇಕಾಗುತ್ತದೆ, ಅದು ಕಡಿಮೆಯೇನಲ್ಲ. ಮೇಲೆ ಬಂದ ನೀರಿನ ಮಾದರಿಗಳನ್ನು ಗಂಟೆಗೊಮ್ಮೆ ಪರೀಕ್ಷಿಸಿದೆವು. ಈ ಮೆಥನಾಲ್ ಬೆರೆತ ತೈಲವನ್ನು ಮಾರಾಟದ ಟ್ಯಾಂಕಿಗೆ ಹಾಗೆಯೇ ಸೇರಿಸದೆ ಬೇರೆ ಟ್ಯಾಂಕಿನಲ್ಲಿ ಇಟ್ಟು ತೊಳೆಯಬೇಕೆಂದು ನಾನು ಹಟ ಹಿಡಿದೆ. ವಿದ್ಯಾರ್ಥಿಯಾಗಿದ್ದಾಗ ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ತರಬೇತಿಗೆ ಹೋಗಿದ್ದೆ. ಕಚ್ಚಾ ತೈಲವನ್ನು ಸಂಸ್ಕರಣಾಗಾರದ ಡಿಸಾಲ್ಟರ್‌ನಲ್ಲಿ ನೀರಿನಿಂದ ತೊಳೆಯುವಾಗ ಮೆಥನಾಲ್ ನೀರಿಗೆ ಸೇರಿ, ಕೊಳಚೆ ಶುದ್ಧೀಕರಿಸುವ ಸೂಕ್ಷ್ಮಜೀವಿಗಳಿಗೆ ಇದ್ದಕ್ಕಿದ್ದಂತೆ ಮಿತಿಮೀರಿದ ಹೊರೆಯಾಗುತ್ತದೆ ಎಂಬುದನ್ನು ಅಲ್ಲಿನ ಹಿರಿಯರೊಬ್ಬರು ವಿವರಿಸಿದ್ದರು. ಕೊಳವೆಯ ಒಂದು ತುದಿಯಲ್ಲಿ ನಾವು ಸುಲಭ ಮಾಡಿಕೊಂಡದ್ದು ಸಾವಿರಾರು ಮೈಲಿಯಾಚೆ ಯಾರದೋ ಪಾಳಿಯನ್ನು ಕಷ್ಟಕ್ಕೆ ದೂಡಬಾರದು.

ಪುನರಾರಂಭಕ್ಕೆ ಮೊದಲು ಬಿಸಿ ಮಾಡಿದ ಡೆಡ್ ಆಯಿಲನ್ನು ಎರಡೂ ಕೊಳವೆಗಳಲ್ಲಿ ಸುತ್ತು ಹಾಕಿಸಿ, ವಾಪಸು ಬರುವ ತೈಲದ ತಾಪಮಾನ 25 ಡಿಗ್ರಿ ದಾಟಿ ಅಲ್ಲಿಯೇ ನಿಲ್ಲುವವರೆಗೆ ಬಿಟ್ಟೆವು. ಆಮೇಲೆ ನೀರು ಅತಿ ಕಡಿಮೆಯಿರುವ, ಅತಿ ಬಿಸಿಯಾದ ಬಾವಿಯನ್ನು ಮೊದಲು ತೆರೆದೆವು. ಮೆಥನಾಲ್ ಪಂಪ್ ಓಡುತ್ತಲೇ ಇತ್ತು. ಒತ್ತಡದ ಗೆರೆಯಲ್ಲಿ ಒಂದು ಚೂಪು ಕಂಡರೂ ಯಾರನ್ನೂ ಕೇಳದೆ ಬಾವಿ ಮುಚ್ಚುವ ಅಧಿಕಾರವನ್ನು ಪಾಳಿಯ ಆಪರೇಟರಿಗೆ ಬರಹದಲ್ಲಿ ಕೊಡಲಾಗಿತ್ತು. ಚೂಪು ಕಾಣಲಿಲ್ಲ. ಮರುದಿನ ಉಳಿದ ಬಾವಿಗಳು ಒಂದೊಂದಾಗಿ ಸೇರಿಕೊಂಡವು.

ನಂತರ ಶಟ್‌ಡೌನ್ ಕ್ರಮವನ್ನು ಮತ್ತೆ ಬರೆದೆವು. ಡೆಡ್ ಆಯಿಲ್ ಪಂಪಿಗೆ ವಿದ್ಯುತ್ ಹಂಚಿಕೆಯಲ್ಲಿ ಜೀವರಕ್ಷಕ ವ್ಯವಸ್ಥೆಗಳ ನಂತರದ ಮೊದಲ ಸ್ಥಾನ ಸಿಕ್ಕಿತು. ಕೊಳವೆ ತೊಳೆದಾಯಿತೆಂದು ದಾಖಲಿಸಲು ವಾಪಸು ಬಂದ ಪ್ರಮಾಣವೊಂದೇ ಸಾಲದು, ನೀರನ್ನು ಹೊತ್ತೊಯ್ಯುವ ಕನಿಷ್ಠ ವೇಗದಲ್ಲಿ ನಿರಂತರವಾಗಿ ಹರಿದಿರಬೇಕು, ಕೊನೆಗೆ ಬಂದ ಮಾದರಿಯಲ್ಲಿ ನೀರಿನ ಅಂಶ ನಿಗದಿತ ಮಟ್ಟಕ್ಕಿಂತ ಕೆಳಗಿರಬೇಕು ಎಂಬ ಎರಡು ಷರತ್ತುಗಳು ಸೇರಿದವು. ಪಂಪ್ ನಡುವೆ ನಿಂತರೆ ತೊಳೆಯುವಿಕೆಯನ್ನು ಮೊದಲಿನಿಂದ ಮಾಡಬೇಕು. ಮುಂದಿನ ವರ್ಷ ನಿರ್ವಹಣೆಗಾಗಿ ಇಡೀ ಹಡಗನ್ನು ನಿಲ್ಲಿಸಿದಾಗ ಪಂಪ್ ಒಮ್ಮೆ ಟ್ರಿಪ್ ಆಯಿತು. ಆಗ ಪಾಳಿಯಲ್ಲಿದ್ದವರು ವಾಪಸು ಬಂದ ಪ್ರಮಾಣ ಸಾಕಷ್ಟಿದ್ದರೂ ಮತ್ತೆ ಮೊದಲಿನಿಂದ ತೊಳೆದರು, ಕೊನೆಯ ಮಾದರಿ ತೆಗೆದು ನೋಡಿ, ನಂತರವೇ ದಾಖಲೆಗೆ ಸಹಿ ಹಾಕಿದರು.